ಸೆರೆಬ್ರಲ್ ಪಾಲ್ಸಿ ಮಕ್ಕಳ ಪುನಶ್ಚೇತನದಲ್ಲಿ ಮಿಥ್ಯಾವಾಸ್ತವ

ಬೆಳೆಯುತ್ತಿರುವ ಮಿದುಳಿಗೆ ಗರ್ಭಾವಸ್ಥೆಯಲ್ಲಿ, ಹೆರಿಗೆಯ ವೇಳೆಯಲ್ಲಿ ಅಥವಾ ಶೈಶವದಲ್ಲಿ ಒದಗುವ ಹಾನಿಯಿಂದ ಚಲನೆ ಹಾಗೂ ದೇಹಭಂಗಿಯ ನಿಯಂತ್ರಣ ಕುಂಠಿತಗೊಳ್ಳುವ ಸ್ಥಿತಿಯೇ ಸೆರೆಬ್ರಲ್ ಪಾಲ್ಸಿ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ 1861ರಲ್ಲಿ ಇದನ್ನು ಹೆರಿಗೆಯ ತೊಡಕುಗಳೊಂದಿಗೆ ಸಂಬಂಧಿಸಿ ವಿವರಿಸಿದರು. ಮಿದುಳಿನ ಹಾನಿ ಮುಂದೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯುಗಳ ಬಿಗಿತದಿಂದ ಕೀಲುಗಳು ಸೆಟೆದುಕೊಳ್ಳಬಹುದು, ಬಳಸದ ಕೈ ಮತ್ತಷ್ಟು ನಿರುಪಯುಕ್ತವಾಗಬಹುದು. ಆದುದರಿಂದ ಒಂದೇ ಚಲನೆಯನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕಾಗುತ್ತದೆ. ಇಂತಹ ಪುನರಾವರ್ತನೆ ಮಕ್ಕಳಿಗೆ ಬೇಸರ ತರುವುದು ಸಹಜ.

ಈ ಬೇಸರವನ್ನು ಆಟವಾಗಿ ಮಾರ್ಪಡಿಸುವ ಸಾಧನವೇ ಮಿಥ್ಯಾವಾಸ್ತವ, ಅಂದರೆ ವರ್ಚುಯಲ್ ರಿಯಾಲಿಟಿ. ಇದಕ್ಕೆ ತಲೆಗೆ ತೊಡುವ ಸಲಕರಣೆ ಅನಿವಾರ್ಯವಲ್ಲ. ಕ್ಯಾಮೆರಾ ಮಗುವಿನ ಚಲನೆಯನ್ನು ಗ್ರಹಿಸುತ್ತದೆ. ಪರದೆಯ ಮೇಲೆ ಮಗುವಿನ ಬಿಂಬವೇ ಚೆಂಡನ್ನು ತಡೆಯುತ್ತದೆ, ಹಕ್ಕಿಯನ್ನು ಮುಟ್ಟುತ್ತದೆ. ತನ್ನ ಪ್ರಯತ್ನದ ಫಲ ಆ ಕ್ಷಣದಲ್ಲಿಯೇ ಕಾಣುವುದರಿಂದ ಮಗು ಕೈಚಾಚುವುದನ್ನು ನಿಲ್ಲಿಸುವುದಿಲ್ಲ. ಚೆಂಡಿನ ವೇಗ, ಎತ್ತರಗಳನ್ನು ಅದರ ಸಾಮರ್ಥ್ಯಕ್ಕೆ ತಕ್ಕಂತೆ ಹಂತಹಂತವಾಗಿ ಹೆಚ್ಚಿಸಬಹುದು.

2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೇಹದ ಒಂದು ಪಾರ್ಶ್ವ ದುರ್ಬಲವಾಗಿದ್ದ 8 ವರ್ಷದ ಬಾಲಕನಿಗೆ ದಿನಕ್ಕೆ 60 ನಿಮಿಷ, ವಾರಕ್ಕೆ 5 ದಿನದಂತೆ 4 ವಾರ ಇಂತಹ ತರಬೇತಿ ನೀಡಲಾಯಿತು. ಮೊದಲು ದುರ್ಬಲ ಕೈಯನ್ನು ಚಲಿಸಿದಾಗ ಮಿದುಳಿನ ಎರಡೂ ಪಾರ್ಶ್ವಗಳು ಸಕ್ರಿಯವಾಗುತ್ತಿದ್ದವು. ತರಬೇತಿಯ ಅನಂತರ, ಸಹಜವಾಗಿ ಆ ಕೈಯನ್ನು ನಿಯಂತ್ರಿಸಬೇಕಾದ ಎದುರು ಪಾರ್ಶ್ವವೇ ಪ್ರಧಾನವಾಗಿ ಸಕ್ರಿಯವಾದುದು ಕ್ರಿಯಾತ್ಮಕ ಎಂಆರ್‌ಐ ಚಿತ್ರಗಳಲ್ಲಿ ಕಂಡಿತು. ಉಣ್ಣುವುದು, ಉಡುಪು ತೊಡುವುದು ಮುಂತಾದ ಕೆಲಸಗಳಲ್ಲಿಯೂ ಸುಧಾರಣೆ ತೋರಿತು. ಇದು ಒಂದೇ ಮಗುವಿನ ಅನುಭವ. ಆದರೂ ಮಿದುಳು ತನ್ನನ್ನು ಮರುಜೋಡಿಸಿಕೊಳ್ಳಬಲ್ಲದು ಎಂಬುದಕ್ಕೆ ಮಹತ್ತ್ವದ ಸೂಚನೆ.

2006ರಲ್ಲಿ ವೀ, 2010ರಲ್ಲಿ ಕೈನೆಕ್ಟ್ ಎಂಬ ಆಟದ ಸಾಧನಗಳು ಮಾರುಕಟ್ಟೆಗೆ ಬಂದ ಮೇಲೆ ಈ ಚಿಕಿತ್ಸೆ ಅಗ್ಗವಾಯಿತು. ಆದರೆ ಅವು ಆರೋಗ್ಯವಂತರಿಗಾಗಿ ರೂಪಿಸಿದವು. ತೋಳನ್ನು ಪೂರ್ತಿ ಚಾಚದೆ ಮಣಿಕಟ್ಟನ್ನಷ್ಟೇ ಕೊಡವಿ ಅಥವಾ ಬಲವಾದ ಕೈಯನ್ನೇ ಬಳಸಿ ಮಗು ಆಟವನ್ನು ಗೆಲ್ಲಬಹುದು. ಆಗ ಅಂಕ ಏರುತ್ತದೆ, ದುರ್ಬಲ ಕೈ ಇದ್ದಲ್ಲಿಯೇ ಉಳಿಯುತ್ತದೆ. 19 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2018ರ ವಿಶ್ಲೇಷಣೆಯೂ ಚಿಕಿತ್ಸೆಗೆಂದೇ ರೂಪಿಸಿದ ವ್ಯವಸ್ಥೆಗಳು ಮಾರುಕಟ್ಟೆಯ ಆಟಗಳಿಗಿಂತ ಹೆಚ್ಚು ಫಲಕಾರಿಯೆಂದು ಕಂಡುಕೊಂಡಿತು. ಅಪಸ್ಮಾರವಿರುವ ಮಕ್ಕಳ ವಿಷಯದಲ್ಲಿ ಮಿನುಗುವ ದೃಶ್ಯಗಳ ಬಗೆಗೆ ಎಚ್ಚರವೂ ಅಗತ್ಯ.

ಹೀಗಾಗಿ ಯಂತ್ರವು ಚಿಕಿತ್ಸಕರ ಸ್ಥಾನವನ್ನು ತುಂಬಲಾರದು. ಯಾವ ಚಲನೆ ಬೇಕು, ಯಾವುದು ಸಲ್ಲದು ಎಂಬುದನ್ನು ನಿರ್ಧರಿಸುವವರು ಅವರೇ. ಪರದೆಯ ಅಂಕಕ್ಕಿಂತ, ಮಗು ತನ್ನ ಕೈಯಿಂದಲೇ ತುತ್ತನ್ನು ಬಾಯಿಗೆ ಒಯ್ಯುವುದೇ ಈ ಚಿಕಿತ್ಸೆಯ ನಿಜವಾದ ಅಳತೆಗೋಲು.