ಸತ್ತವರಿಗೆ ಕ್ಷಮಾದಾನ: ಬ್ರಿಟನ್ನಿನ ‘ಟ್ಯೂರಿಂಗ್ ಕಾನೂನು’ ಮಾಡುವುದೇನು, ಮಾಡದಿರುವುದೇನು?

ಮನೆಗೆ ಕಳ್ಳ ನುಗ್ಗಿದ್ದಾನೆಂದು 1952ರ ಜನವರಿಯಲ್ಲಿ ದೂರು ಕೊಟ್ಟ ಅಲನ್ ಟ್ಯೂರಿಂಗ್ ಕೊನೆಗೆ ತಾವೇ ಆರೋಪಿಯಾದರು. ಪೊಲೀಸರು ಕೆದಕಿ ಕೇಳಿದಾಗ, ಯುವಕನೊಬ್ಬನ ಜೊತೆಗಿದ್ದ ಸಂಬಂಧವನ್ನು ಅವರು ಮುಚ್ಚಿಡಲಿಲ್ಲ. ಅದೇ ವರ್ಷದ ಮಾರ್ಚ್ 31ರಂದು ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಜೈಲು ತಪ್ಪಬೇಕಾದರೆ ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಿತ್ತು. ಟ್ಯೂರಿಂಗ್ ಅದನ್ನೇ ಒಪ್ಪಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಸಂಕೇತಗಳನ್ನು ಭೇದಿಸಿದ, ಇಂದಿನ ಕಂಪ್ಯೂಟರಿಗೆ ಗಣಿತದ ಬುನಾದಿ ಹಾಕಿದ ಈ ಮನುಷ್ಯ 1954ರ ಜೂನ್ 7ರಂದು ಸಯನೈಡ್ ವಿಷದಿಂದ ತೀರಿಕೊಂಡರು. ಆಗ ವಯಸ್ಸು 41.

ಅವರ ಮೇಲೆ ಹೂಡಿದ್ದು 1885ರ ಕಾಯ್ದೆಯ 11ನೇ ಸೆಕ್ಷನ್. 1895ರಲ್ಲಿ ಆಸ್ಕರ್ ವೈಲ್ಡ್‌ಗೆ ಎರಡು ವರ್ಷ ಕಠಿಣ ಸಜೆ ಆದದ್ದೂ ಇದರಡಿಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ವರ್ಷ ದಾಟಿದ ಇಬ್ಬರು ಗಂಡಸರ ಖಾಸಗಿ ಸಂಬಂಧ ಅಪರಾಧವಲ್ಲ ಎಂದು ಕಾನೂನು ಬದಲಾದದ್ದು 1967ರಲ್ಲಿ. ಆದರೆ ಅಂದಿನಿಂದ ಮುಂದಕ್ಕಷ್ಟೇ. ಹಿಂದೆ ಆದ ಶಿಕ್ಷೆಗಳು ದಾಖಲೆಯಲ್ಲಿ ಹಾಗೆಯೇ ಉಳಿದವು.

2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಟ್ಯೂರಿಂಗ್ ವಿಷಯದಲ್ಲಿ ಕ್ಷಮೆ ಕೇಳಿದರು. ಇದು ಮಾತಿನ ಕ್ಷಮೆ, ಕಾನೂನಿನ ಮಟ್ಟಿಗೆ ಏನೂ ಬದಲಾಗಲಿಲ್ಲ. 2012ರಲ್ಲಿ ಕ್ಷಮಾದಾನದ ಬೇಡಿಕೆ ಬಂದಾಗ ಸರ್ಕಾರ ನಿರಾಕರಿಸಿತು. ಅಂದಿನ ಕಾನೂನಿನ ಪ್ರಕಾರ ಅದು ಅಪರಾಧವೇ ಆಗಿತ್ತು, ವಿಚಾರಣೆಯೂ ಸರಿಯಾಗಿಯೇ ನಡೆದಿತ್ತು ಎಂಬುದು ಅದರ ವಾದ. ಮರುವರ್ಷ, 2013ರ ಡಿಸೆಂಬರ್ 24ರಂದು, ಅದೇ ಸರ್ಕಾರದ ಕೋರಿಕೆಯ ಮೇರೆಗೆ ರಾಣಿ ಎಲಿಜಬೆತ್ ತಮ್ಮ ವಿಶೇಷಾಧಿಕಾರ ಬಳಸಿ ಕ್ಷಮಾದಾನ ನೀಡಿದರು. ವಾಡಿಕೆಯಂತೆ ಇದಕ್ಕೆ ಎರಡು ಷರತ್ತುಗಳಿವೆ: ವ್ಯಕ್ತಿ ನಿಜಕ್ಕೂ ನಿರಪರಾಧಿಯಾಗಿರಬೇಕು, ಕುಟುಂಬದವರಂಥ ಸಂಬಂಧಪಟ್ಟವರು ಅರ್ಜಿ ಹಾಕಿರಬೇಕು. ಟ್ಯೂರಿಂಗ್ ವಿಷಯದಲ್ಲಿ ಎರಡನ್ನೂ ಬದಿಗಿಡಲಾಯಿತು. ಹಾಗಾದರೆ ಎನಿಗ್ಮಾ ಭೇದಿಸದ, ಹೆಸರಿಲ್ಲದ ಗುಮಾಸ್ತನೋ ಬಸ್ ಕಂಡಕ್ಟರನೋ ಮಾಡಿದ ಪಾಪವೇನು? ಈ ಪ್ರಶ್ನೆಗೆ ಉತ್ತರವಾಗಿಯೇ 2017ರ ಜನವರಿ 31ರಂದು ‘ಪೊಲೀಸಿಂಗ್ ಅಂಡ್ ಕ್ರೈಮ್ ಆ್ಯಕ್ಟ್’ ಬಂತು. ಜನರ ಬಾಯಲ್ಲಿ ಅದು ‘ಟ್ಯೂರಿಂಗ್ ಕಾನೂನು’. ಹೀಗೆ ಶಿಕ್ಷೆಯಾದವರು ಸುಮಾರು 65,000, ಅವರಲ್ಲಿ ಬದುಕುಳಿದಿದ್ದವರು 15,000 ಎಂಬುದು ಆಗ ಕೇಳಿಬಂದ ಅಂದಾಜು.

ಈ ಕಾನೂನಿನಡಿ ಸತ್ತವರ ಪರವಾಗಿ ಯಾರೂ ಅರ್ಜಿ ಹಾಕಬೇಕಿಲ್ಲ. ಕಾನೂನು ಬರುವ ಮೊದಲೇ ತೀರಿಕೊಂಡಿದ್ದವರಿಗೆಲ್ಲ ಒಂದೇ ಏಟಿಗೆ ಕ್ಷಮಾದಾನ ಸಿಕ್ಕಿತು. ಆಗ ಇಟ್ಟ ಷರತ್ತುಗಳಿಷ್ಟು: ಪಟ್ಟಿ ಮಾಡಿದ ಹಳೆಯ ಸೆಕ್ಷನ್‌ಗಳಡಿ ಶಿಕ್ಷೆಯಾಗಿರಬೇಕು, ಇನ್ನೊಬ್ಬರ ಒಪ್ಪಿಗೆ ಇದ್ದಿರಬೇಕು, ಅವರಿಗೆ 16 ತುಂಬಿರಬೇಕು, ಕೃತ್ಯ ಇಂದಿನ ಕಾನೂನಿನಲ್ಲೂ ಅಪರಾಧವಾಗಿರಬಾರದು. ಆದರೆ ಯಾರು ಈ ಷರತ್ತಿನೊಳಗೆ ಬರುತ್ತಾರೆಂದು ಕಡತ ತೆರೆದು ನೋಡುವವರಿಲ್ಲ, ಹೆಸರುಗಳ ಪಟ್ಟಿಯೂ ಇಲ್ಲ. ಅಜ್ಜನ ಹೆಸರಿಗೆ ಅಂಟಿದ ಕಳಂಕ ಹೋಯಿತೇ ಎಂದು ಮೊಮ್ಮಗಳು ತಿಳಿಯಬೇಕಾದರೆ, ಆ ಷರತ್ತುಗಳನ್ನು ಹಳೆಯ ದಾಖಲೆಗೆ ತಾನೇ ತಾಳೆ ನೋಡಿಕೊಳ್ಳಬೇಕು.

ಬದುಕಿರುವವರ ದಾರಿ ಬೇರೆ. ಹಳೆಯ ಶಿಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅವರು ಮೊದಲು 2012ರ ಕಾಯ್ದೆಯಡಿ ಗೃಹ ಇಲಾಖೆಗೆ ಅರ್ಜಿ ಹಾಕಬೇಕು. ಯಾವಾಗ, ಎಲ್ಲಿ ಶಿಕ್ಷೆಯಾಯಿತೆಂಬ ವಿವರ ಕೊಡಬೇಕು. ಇಲಾಖೆ ಪೊಲೀಸ್ ಮತ್ತು ಕೋರ್ಟ್ ದಾಖಲೆ ತರಿಸಿ ನೋಡುತ್ತದೆ. ತಿರಸ್ಕರಿಸಿದರೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ಒಪ್ಪಿದರೆ ಅಪರಾಧ ನಡೆದೇ ಇಲ್ಲವೆಂದು ಕಾನೂನು ಭಾವಿಸುತ್ತದೆ. ಕೆಲಸಕ್ಕೆ ಸೇರುವಾಗ ಯಾರಿಗೂ ಅದನ್ನು ಹೇಳಬೇಕಿಲ್ಲ. ಕ್ಷಮಾದಾನ ಅದರ ಹಿಂದೆಯೇ ತಾನಾಗಿ ಬರುತ್ತದೆ. ಬದುಕಿರುವವರಿಗೂ ಅರ್ಜಿಯಿಲ್ಲದೆ ಕ್ಷಮೆ ಸಿಗಲೆಂದು ಸಂಸದ ಜಾನ್ ನಿಕೋಲ್ಸನ್ ತಂದ ಖಾಸಗಿ ಮಸೂದೆಯನ್ನು 2016ರ ಅಕ್ಟೋಬರಿನಲ್ಲಿ ಸಚಿವರೊಬ್ಬರು ಸಮಯ ಮುಗಿಯುವವರೆಗೂ ಭಾಷಣ ಮಾಡಿಯೇ ಮುಗಿಸಿಬಿಟ್ಟರು. ಪರಿಶೀಲನೆ ಇಲ್ಲದಿದ್ದರೆ ನಿಜವಾದ ಅಪರಾಧಿಗಳೂ ನುಸುಳುತ್ತಾರೆ ಎಂಬುದು ಅವರ ಆತಂಕ. ಆತಂಕದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಸ್ಕಾಟ್ಲೆಂಡ್ 2018ರ ಕಾನೂನಿನಲ್ಲಿ ಬದುಕಿರುವವರಿಗೂ ಸತ್ತವರಿಗೂ ತಾನಾಗಿ ಕ್ಷಮೆ ನೀಡಿತು. ದಾಖಲೆ ಅಳಿಸುವುದಕ್ಕೆ ಮಾತ್ರ ಅರ್ಜಿ ಕೇಳಿತು.

ಕ್ಷಮಾದಾನದ ಮಿತಿಯನ್ನು 2017ರ ಕಾನೂನೇ ಬರೆದಿಟ್ಟಿದೆ: ಅದರಿಂದ ಹಳೆಯ ತೀರ್ಪಾಗಲಿ ಶಿಕ್ಷೆಯಾಗಲಿ ರದ್ದಾಗುವುದಿಲ್ಲ, ಯಾವ ಹಕ್ಕೂ ಪರಿಹಾರವೂ ಹುಟ್ಟುವುದಿಲ್ಲ. 1974ರಲ್ಲಿ ಶಿಕ್ಷೆಗೊಳಗಾಗಿದ್ದ ಜಾರ್ಜ್ ಮಾಂಟೇಗ್ಯೂ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ತನಗೆ ಕ್ಷಮಾದಾನ ಬೇಡ, ಸರ್ಕಾರವೇ ಕ್ಷಮೆ ಕೇಳಲಿ ಎಂದು ಹಟ ಹಿಡಿದರು. ಕ್ಷಮಾದಾನ ಸ್ವೀಕರಿಸಿದರೆ ತಪ್ಪು ಒಪ್ಪಿಕೊಂಡಂತೆ ಎಂಬುದು ಅವರ ನಿಲುವು. ನನಗೆ ಅವರ ಮಾತೇ ಸರಿ ಅನಿಸುತ್ತದೆ.

ಜರ್ಮನಿ ಹಿಡಿದ ದಾರಿ ಇದಕ್ಕಿಂತ ನೇರ. ಅದರ 2017ರ ಕಾನೂನು, ಗಂಡಸರ ಸಲಿಂಗ ಸಂಬಂಧಕ್ಕಾಗಿ ಯುದ್ಧಾನಂತರ ಅಲ್ಲಿನ ದಂಡಸಂಹಿತೆಯ 175ನೇ ಕಲಮಿನಡಿ ಆದ ತೀರ್ಪುಗಳನ್ನೇ ರದ್ದುಮಾಡಿತು. ಪ್ರತಿ ತೀರ್ಪಿಗೆ 3,000 ಯೂರೊ, ಜೈಲಿನಲ್ಲಿ ಕಳೆದ ಪ್ರತಿ ವರ್ಷಕ್ಕೆ ಇನ್ನೂ 1,500 ಯೂರೊ ಪರಿಹಾರ ಇಟ್ಟಿತು. ನ್ಯೂಜಿಲೆಂಡಿನ 2018ರ ಕಾನೂನಿನಲ್ಲಿ ಸತ್ತವರ ಪರವಾಗಿ ಮನೆಯವರು ದಾಖಲೆ ಅಳಿಸಲು ಅರ್ಜಿ ಹಾಕಬಹುದು.

ಇದೇ ಬ್ರಿಟಿಷ್ ಬೇರಿನಿಂದ ಹುಟ್ಟಿದ್ದು ನಮ್ಮ ಹಿಂದಿನ ದಂಡಸಂಹಿತೆಯ 377ನೇ ಸೆಕ್ಷನ್. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರ ಒಪ್ಪಿತ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಆದರೆ ಅದೇ ತೀರ್ಪು, ಬಾಕಿ ಇರುವ ಪ್ರಕರಣಗಳಿಗೆ ಮಾತ್ರ ಇದರ ಲಾಭ ಸಿಗುತ್ತದೆ, ಮುಗಿದುಹೋದ ಪ್ರಕರಣಗಳನ್ನು ಮತ್ತೆ ತೆರೆಯುವಂತಿಲ್ಲ ಎಂದೂ ಹೇಳಿತು. ಹಿಂದೆ ಶಿಕ್ಷೆಯಾದವರನ್ನು ಒಟ್ಟಾಗಿ ಮುಕ್ತಗೊಳಿಸುವ ಕಾನೂನನ್ನು ನಮ್ಮ ಸಂಸತ್ತು ಇನ್ನೂ ಮಾಡಿಲ್ಲ. ಸಂವಿಧಾನದ 72ನೇ ವಿಧಿಯಡಿ ರಾಷ್ಟ್ರಪತಿ ಅಥವಾ 161ನೇ ವಿಧಿಯಡಿ ರಾಜ್ಯಪಾಲರ ಮುಂದೆ ಒಬ್ಬೊಬ್ಬರ ಹೆಸರಿನಲ್ಲಿ ಕ್ಷಮಾದಾನ ಕೋರುವುದೊಂದೇ ಸದ್ಯಕ್ಕೆ ಕಾಣುವ ದಾರಿ.