ಆಪತ್ಕಾಲಕ್ಕೆ ಸಂಯುಕ್ತ ಅಭ್ಯಾಸ

1904ನೆಯ ಇಸವಿಯ ಫೆಬ್ರವರಿ 7, ಭಾನುವಾರ. ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರದ ಕೇರಿಯಲ್ಲಿ ಒಂದು ಮಳಿಗೆಗೆ ಬೆಂಕಿ ಹತ್ತಿತು. ಗಾಳಿಯ ಬಲದಿಂದ ಅದು ಕಟ್ಟಡದಿಂದ ಕಟ್ಟಡಕ್ಕೆ ಹಾರತೊಡಗಿದಾಗ, ನಗರದ ಅಗ್ನಿಶಾಮಕ ದಳವು ಇದು ತನ್ನೊಬ್ಬನಿಂದಾಗುವ ಕೆಲಸವಲ್ಲವೆಂದು ಕಂಡು ನೆರೆಯ ಊರುಗಳ ನೆರವನ್ನು ಬೇಡಿತು. ವಾಷಿಂಗ್ಟನ್, ಫಿಲಡೆಲ್ಫಿಯ, ನ್ಯೂಯಾರ್ಕ್ ನಗರಗಳಿಂದ ದಳಗಳು ಧಾವಿಸಿ ಬಂದವು. ಆದರೆ ಬಂದವರಲ್ಲಿ ಹಲವರ ಕೊಳವೆಯ ತುದಿ ಬಾಲ್ಟಿಮೋರಿನ ಬೀದಿನಲ್ಲಿಗಳ ಬಾಯಿಗೆ ಕೂಡಲಿಲ್ಲ. ಊರಿಗೊಂದು ತಿರುಪು, ತಿರುಪಿಗೊಂದು ಅಳತೆ! ಬೆಂಕಿ 30 ಗಂಟೆಗೂ ಹೆಚ್ಚು ಕಾಲ ಉರಿಯಿತು. 1,500ಕ್ಕೂ ಮಿಕ್ಕಿದ ಕಟ್ಟಡಗಳು ಸುಟ್ಟುಹೋದವು. ಗಾಳಿಯೇ ಅಲ್ಲಿ ಮುಖ್ಯ ಶತ್ರುವಾಗಿತ್ತೆಂಬುದು ನಿಜ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಮ್ಮ ಗಾದೆ ಹಳಿಯುತ್ತದೆ. ಬಾಲ್ಟಿಮೋರಿನಲ್ಲಿ ಬಾವಿ ಮೊದಲೇ ಇತ್ತು, ಹಗ್ಗವೂ ಇತ್ತು. ಹಗ್ಗ ಕೊಡದ ಕೊರಳಿಗೆ ಬೀಳಲಿಲ್ಲ, ಅಷ್ಟೆ.

ಅನಂತರ ನಡೆದ ಶೋಧನೆಯಲ್ಲಿ ಆ ದೇಶದಲ್ಲಿ ಬಳಕೆಯಲ್ಲಿದ್ದ ಕೊಳವೆಯ ಜೋಡಣೆಗಳು 600ಕ್ಕೂ ಹೆಚ್ಚು ಬಗೆಯವು ಎಂದು ತಿಳಿದುಬಂದಿತು. ಎಲ್ಲರೂ ಅನುಸರಿಸಬೇಕಾದ ಒಂದು ಅಳತೆ 1905ರಲ್ಲಿ ಗೊತ್ತಾಯಿತು.

ಕೊಳವೆಗಳು ಕೂಡದಿದ್ದರೆ ಕಣ್ಣಿಗೆ ಕಾಣುತ್ತದೆ. ಮಾತುಗಳು ಕೂಡದಿದ್ದರೆ? 1970ರ ಶರತ್ಕಾಲದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಕಾಡುಗಳಲ್ಲಿ 13 ದಿನ ಬೆಂಕಿ ಹಬ್ಬಿ 16 ಮಂದಿ ಸತ್ತರು. 5 ಲಕ್ಷ ಎಕರೆಗೂ ಹೆಚ್ಚು ಭೂಮಿ ಸುಟ್ಟಿತು. ಕೇಂದ್ರ ಸರಕಾರದ ಅರಣ್ಯದವರು, ರಾಜ್ಯದವರು, ಕೌಂಟಿಗಳವರು, ನಗರಗಳವರು ಎಲ್ಲರೂ ಕೂಡಿ ದುಡಿದರು. ದುಡಿದರು ನಿಜ, ಆದರೆ ಕೂಡಿ ಎನ್ನುವಂತಿರಲಿಲ್ಲ. ಅವರ ರೇಡಿಯೊ ತರಂಗಾಂತರಗಳು ಬೇರೆ, ಅಧಿಕಾರಿಗಳ ಮೆಟ್ಟಿಲುಗಳು ಬೇರೆ, ಪರಿಭಾಷೆ ಬೇರೆ. ಒಂದು ದಳದವರಿಗೆ ‘ಟ್ಯಾಂಕರ್’ ಎಂದರೆ ನೀರು ಹೊತ್ತ ಲಾರಿ. ಇನ್ನೊಂದು ದಳದವರಿಗೆ ಆಕಾಶದಿಂದ ನೀರು ಸುರಿಯುವ ವಿಮಾನ. ಲಾರಿಯನ್ನು ಕೇಳಿದವನಿಗೆ ವಿಮಾನ ಬಂದರೆ ಏನಾದೀತೆಂಬುದನ್ನು ಓದುಗರೇ ಊಹಿಸಬಹುದು.

ಈ ಅನುಭವದಿಂದಲೇ ಮುಂದೆ ‘ಇನ್ಸಿಡೆಂಟ್ ಕಮಾಂಡ್ ಸಿಸ್ಟಂ’ ಎಂಬ ಕ್ರಮ ಹುಟ್ಟಿತು. ಅದರ ತತ್ತ್ವ ಸರಳ. ಘಟನೆಯ ಸ್ಥಳದಲ್ಲಿ ಯಾವ ಇಲಾಖೆಯವರೇ ಇರಲಿ, ಕೆಲಸವನ್ನು ಐದು ಭಾಗವಾಗಿ ಹಂಚಿಕೊಳ್ಳುತ್ತಾರೆ: ನಾಯಕತ್ವ, ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು. ಒಬ್ಬ ಮೇಲ್ವಿಚಾರಕನ ಕೈಕೆಳಗೆ ಮೂರರಿಂದ ಏಳು ಮಂದಿ; ಐದು ಮಂದಿಯಾದರೆ ಅನುಕೂಲ. ಸಂಕೇತಾಕ್ಷರಗಳು ಬೇಡ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಆಡಬೇಕು. ಮೊದಲು ಬಂದ ಅಧಿಕಾರಿಯೇ ನಾಯಕ. ಹೆಚ್ಚು ಅರ್ಹನಾದವನು ಬಂದು ವಹಿಸಿಕೊಳ್ಳುವವರೆಗೆ ಹೊಣೆ ಅವನದೇ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2010ರಲ್ಲಿ ಇಂಥದೇ ಮಾರ್ಗದರ್ಶಿಯನ್ನು ಪ್ರಕಟಿಸಿತು. 2005ರ ಕಾಯಿದೆಯ ಪ್ರಕಾರ ಜಿಲ್ಲೆಯಲ್ಲಿ ಇದರ ಹೊಣೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರದ್ದು.

ಆದರೆ ಕ್ರಮವನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಲದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕುಡಿಯುವ ನೀರನ್ನು ಶುದ್ಧಗೊಳಿಸಲು ಬಳಸುವ ಕ್ಲೋರಿನ್ ಅನಿಲದ ಸಿಲಿಂಡರುಗಳನ್ನು ಹೊತ್ತ ಲಾರಿಯೊಂದು ರಾತ್ರಿ ಎರಡು ಗಂಟೆಗೆ ಊರಂಚಿನ ಹೆದ್ದಾರಿಯಲ್ಲಿ ಮಗುಚಿ, ಅನಿಲ ಸೋರುತ್ತಿದೆ. ಪೊಲೀಸರು, ಅಗ್ನಿಶಾಮಕದವರು, ಆಸ್ಪತ್ರೆಯವರು, ನಗರಸಭೆಯವರು, ವಿದ್ಯುತ್ ಕಂಪನಿಯವರು ಒಂದು ಮೇಜಿನ ಸುತ್ತ ಕುಳಿತು, ಊರಿನ ನಕ್ಷೆಯನ್ನು ಹಾಸಿಕೊಂಡು, ತಾವು ಏನು ಮಾಡುವೆವೆಂದು ಸರದಿಯಂತೆ ಹೇಳುತ್ತಾರೆ. ಇದಕ್ಕೆ ಮೇಜಿನ ಅಭ್ಯಾಸವೆಂದು ಹೆಸರು; ಖರ್ಚು ಕಾಫಿಯದಷ್ಟೆ. ಜನರನ್ನು ಕೆಳಗಿನ ಬಯಲಿನಲ್ಲಿರುವ ಶಾಲೆಗೆ ಸಾಗಿಸುವೆವು ಎಂದು ಪೊಲೀಸ್ ಅಧಿಕಾರಿ ಹೇಳುತ್ತಾರೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಅದು ತಗ್ಗಿಗೇ ಹರಿದು ನಿಲ್ಲುತ್ತದೆ, ಜನರು ದಿಬ್ಬದ ಕಡೆಗೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಹೋಗಬೇಕು ಎಂದು ಅಗ್ನಿಶಾಮಕ ಅಧಿಕಾರಿ ತಿದ್ದುತ್ತಾರೆ. ಆಸ್ಪತ್ರೆಗೆ ಸುದ್ದಿ ಕೊಡುವವರಾರು? ಪೊಲೀಸರು ಕೊಟ್ಟಾರೆಂದು ಅಗ್ನಿಶಾಮಕದವರು ತಿಳಿದಿದ್ದರು. ಅಗ್ನಿಶಾಮಕದವರು ಕೊಟ್ಟಾರೆಂದು ಪೊಲೀಸರು. ಪ್ರತಿಯೊಂದು ಇಲಾಖೆಯೂ ಪ್ರತ್ಯೇಕವಾಗಿ ಎಷ್ಟೇ ಚೆನ್ನಾಗಿ ಪಳಗಿದ್ದರೂ ಈ ತಪ್ಪುಗಳು ಹೊರಬೀಳುತ್ತಿರಲಿಲ್ಲ. ಏಕೆಂದರೆ ಅವು ಯಾವ ಇಲಾಖೆಯ ಒಳಗೂ ಇರಲಿಲ್ಲ, ಎರಡು ಇಲಾಖೆಗಳ ನಡುವೆ ಇದ್ದವು.

ಮೇಜಿನ ಮೇಲೆ ಸರಿಪಡಿಸಿದುದನ್ನು ಮುಂದೆ ವಾಹನಗಳೊಡನೆ, ಗಾಯಗೊಂಡವರಂತೆ ನಟಿಸುವ ಸ್ವಯಂಸೇವಕರೊಡನೆ ಬೀದಿಗೆ ತಂದು ಪರೀಕ್ಷಿಸುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಕೈಗಾ ಪರಮಾಣು ವಿದ್ಯುತ್ ಸ್ಥಾವರದ ಸುತ್ತ ಜಿಲ್ಲಾಡಳಿತವೂ ಸೇರಿ ನಡೆಸುವ ಅಭ್ಯಾಸಗಳು ಈ ಬಗೆಯವು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಅಣಕು ಅಭ್ಯಾಸಗಳು ಎಷ್ಟೋ ಸಲ ಶಾಮಿಯಾನ, ಧ್ವನಿವರ್ಧಕಗಳ ಪ್ರದರ್ಶನವಾಗಿ, ‘ಯಶಸ್ವಿಯಾಗಿ ನೆರವೇರಿತು’ ಎಂಬ ವರದಿಯೊಡನೆ ಮುಗಿಯುತ್ತವೆ. ಏನೂ ಕೆಡದ ಅಭ್ಯಾಸದಿಂದ ಏನು ಕಲಿತಂತಾಯಿತೆಂದು ಕೇಳುವವರು ಕಡಮೆ.

ಕೂಡಿ ಕಲಿತುದರ ಬೆಲೆ 2001ರ ಸೆಪ್ಟೆಂಬರ್ 11ರಂದು ಎರಡು ನಗರಗಳಲ್ಲಿ ಕಾಣಿಸಿತು. ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ ಒಂದು ಕುಸಿದ ಮೇಲೆ, ಇನ್ನೊಂದೂ ಬಹಳ ಹೊತ್ತು ನಿಲ್ಲಲಾರದೆಂದು ಪೊಲೀಸ್ ಹೆಲಿಕಾಪ್ಟರಿನಿಂದ ಎಚ್ಚರಿಕೆ ಬಂದಿತು. ಅದು ಪೊಲೀಸರ ರೇಡಿಯೊದಲ್ಲಿ ಕೇಳಿಸಿತು. ಅಗ್ನಿಶಾಮಕ ದಳದ ಮುಖ್ಯಸ್ಥರಿಗೆ ತಲಪಲಿಲ್ಲ. ಆ ದಿನ ಆ ದಳದ 343 ಮಂದಿ ಮಡಿದರು. ಅದೇ ಬೆಳಗ್ಗೆ ವಾಷಿಂಗ್ಟನ್ನಿನ ಬಳಿಯ ಪೆಂಟಗನ್ ಕಟ್ಟಡದಲ್ಲಿ, ಸುತ್ತಣ ಊರುಗಳ ದಳಗಳು ಒಬ್ಬ ನಾಯಕನ ಕೆಳಗೆ ದುಡಿಯುತ್ತಿದ್ದವು. ಅವು ಮುಂಚಿನಿಂದ ಪದೇ ಪದೇ ಒಟ್ಟಿಗೆ ಅಭ್ಯಾಸ ಮಾಡಿದ್ದವು. 9-55ಕ್ಕೆ ಆ ನಾಯಕನು ಎಲ್ಲರೂ ಹೊರಬರಬೇಕೆಂದು ಆಜ್ಞೆಯಿತ್ತನು. 9-57ಕ್ಕೆ ಕಟ್ಟಡದ ಆ ಭಾಗ ಕುಸಿಯಿತು. ರಕ್ಷಣೆಗೆ ಬಂದವರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ನ್ಯೂಯಾರ್ಕಿನ ಕಾರ್ಯ ಇದಕ್ಕಿಂತ ಬಹುಪಾಲು ಕಠಿನವಾಗಿತ್ತೆಂಬುದನ್ನು ಅಲ್ಲಿನ ವಿಚಾರಣಾ ಆಯೋಗವೇ ಒಪ್ಪಿದೆ. ಆದರೂ ಪೆಂಟಗನ್ನಿನ ಸಾಫಲ್ಯಕ್ಕೆ ಅದು ಕೊಟ್ಟ ಕಾರಣಗಳಲ್ಲಿ ಹಿಂದಿನ ಒಡನಾಟವೂ ಒಂದು.

ಇನ್ನು ಕೊಳವೆಯ ತಿರುಪಿನ ಕಥೆ. 1905ರಲ್ಲಿ ಗೊತ್ತಾದ ಅಳತೆಯನ್ನು ಎಲ್ಲ ಊರುಗಳೂ ಅಳವಡಿಸಿಕೊಳ್ಳಲಿಲ್ಲ. 1991ರ ಅಕ್ಟೋಬರ್ 20ರಂದು ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದ ಗುಡ್ಡಗಳಿಗೆ ಬೆಂಕಿ ಹತ್ತಿದಾಗ ನೆರೆಯ ಊರುಗಳ ದಳಗಳು ನೆರವಿಗೆ ಓಡಿಬಂದವು. ಅವುಗಳ ಕೊಳವೆಗೆ ಹೊಂದುವ ಬಾಯಿ ಎರಡೂವರೆ ಅಂಗುಲದ್ದು. ಓಕ್ಲೆಂಡಿನ ನಲ್ಲಿಗಳದು ಮೂರು ಅಂಗುಲ. ಎರಡನ್ನೂ ಬೆಸೆಯುವ ಜೋಡಣೆಯ ತುಂಡುಗಳು ಇದ್ದವಾದರೂ ಬಂದವರಿಗೆಲ್ಲ ಸಾಲಲಿಲ್ಲ. ಆ ಬೆಂಕಿಯಲ್ಲಿ 25 ಮಂದಿ ಸತ್ತರು.