ಅಡಿಕೆ ತೋಟದ ಕಳೆ ಹತೋಟಿ: ಹಟ್ಟಿಯ ದನಕ್ಕೂ ಮನೆಯ ನಾಯಿಗೂ ಅಪಾಯವಾಗದಂತೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಮುಖ್ಯ ಬೆಳೆ ಅಡಿಕೆ. ಕಬಕದಿಂದ ವಿಟ್ಲದ ಕಡೆಗೆ ಹೊರಟರೆ ರಸ್ತೆಯ ಇಕ್ಕೆಲಗಳಲ್ಲಿ ಅಡಿಕೆ ತೋಟಗಳೂ, ತೋಟಕ್ಕೆ ತಾಗಿಕೊಂಡೇ ಮನೆ, ಅಂಗಳ, ಹಟ್ಟಿಗಳೂ ಕಾಣುತ್ತವೆ. ಬಯಲುಸೀಮೆಯಂತೆ ಇಲ್ಲಿ ಊರು ಒಂದು ಕಡೆ, ಹೊಲ ಇನ್ನೊಂದು ಕಡೆ ಇರುವುದಿಲ್ಲ. ಮೆಟ್ಟಿಲಿಳಿದರೆ ಅಂಗಳ, ಅಂಗಳ ದಾಟಿದರೆ ತೋಟ. ದನ, ಕರು, ನಾಯಿ, ಬೆಕ್ಕು, ಕೋಳಿಗಳೆಲ್ಲ ಅಲ್ಲೇ ಓಡಾಡಿಕೊಂಡಿರುತ್ತವೆ. ಆದುದರಿಂದ ತೋಟದ ಕಳೆಗೆ ಏನು ಮಾಡಿದರೂ ಅದರ ಪರಿಣಾಮ ಈ ಪ್ರಾಣಿಗಳ ಮೇಲೆ ಆಗದೆ ಇರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಗೆ ತೋಟದಲ್ಲಿ ಕಳೆ ಮೊಣಕಾಲು ಮೀರಿ ಬೆಳೆಯುತ್ತದೆ. ಹಿಂದೆ ಅದನ್ನು ಕೊಯ್ಯಲು ಆಳುಗಳು ಸಿಗುತ್ತಿದ್ದರು. ಈಗ ಕೊಯ್ಲಿಗೇ ಜನ ಸಿಗುವುದು ಕಷ್ಟ. ಬೆನ್ನಿಗೊಂದು ಪಂಪು ಹಾಕಿಕೊಂಡು ಒಬ್ಬನೇ ಅರ್ಧ ದಿನದಲ್ಲಿ ಮುಗಿಸುವ ಕೆಲಸವೆಂದು ಕಳೆನಾಶಕದ ಕಡೆಗೆ ಬೇಸಾಯಗಾರರು ಒಲಿಯುತ್ತಿರುವುದು ಸಹಜವೇ. ಆದರೆ ಮದ್ದು ಹೊಡೆಯುವ ಮೊದಲು ತಿಳಿದಿರಬೇಕಾದ ಕೆಲವು ವಿಷಯಗಳಿವೆ.

ಇಲ್ಲಿ ಕಳೆಯೆಂದರೆ ಮೇವು

ಬೇರೆ ಕಡೆಗಳಲ್ಲಿ ಕಳೆಯು ಕಿತ್ತು ಬಿಸಾಡುವ ವಸ್ತು. ನಮ್ಮ ತೋಟಗಳಲ್ಲಿ ಹಾಗಲ್ಲ. ಬೆಳಗ್ಗೆ ತೋಟದಿಂದ ಕೊಯ್ದ ಹುಲ್ಲು ಸಂಜೆಗೆ ದನದ ಮುಂದಿರುತ್ತದೆ. ತಿನ್ನದ ಸೊಪ್ಪು ಹಟ್ಟಿಗೆ ಹಾಸಾಗಿ, ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹಿಂದಿರುಗುತ್ತದೆ. ದೊಡ್ಡ ದನವೊಂದಕ್ಕೆ ದಿನಕ್ಕೆ 15ರಿಂದ 20 ಕಿಲೋ ಹಸಿಹುಲ್ಲು ಬೇಕು. ಅದರ ದೊಡ್ಡ ಪಾಲು ಬರುವುದು ತೋಟದಿಂದಲೇ.

ಹಾಗಾಗಿ ಮದ್ದು ಹೊಡೆದ ತೋಟದಲ್ಲಿ ದನ ಮೇಯದಂತೆ ನೋಡಿಕೊಂಡರೆ ಸಾಲದು. ದನವು ತೋಟಕ್ಕೆ ಹೋಗದಿದ್ದರೂ ಕತ್ತಿ ಮತ್ತು ಬುಟ್ಟಿಯ ಮೂಲಕ ತೋಟವೇ ಹಟ್ಟಿಗೆ ಬರುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ಯಾರಾಕ್ವಾಟ್ ಹೊಡೆದ ಹುಲ್ಲು ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಬಾಡುತ್ತದೆ, ಮರುದಿನ ಸುಟ್ಟಂತೆ ಕಾಣುತ್ತದೆ. ಆದರೆ ಗ್ಲೈಫೊಸೇಟ್ ಎಲೆಯಿಂದ ಬೇರಿಗೆ ಇಳಿದು ನಿಧಾನವಾಗಿ ಕೊಲ್ಲುವ ಮದ್ದು. ಅದನ್ನು ಹೊಡೆದ ಹುಲ್ಲು ನಾಲ್ಕು ದಿನ, ಕೆಲವೊಮ್ಮೆ ವಾರದ ತನಕವೂ ಹಸಿರಾಗಿಯೇ ಇರುತ್ತದೆ. ಸ್ವಂತ ದನವಿಲ್ಲದ ತೋಟದವರು ಮದ್ದು ಹೊಡೆದಿರುತ್ತಾರೆ. ಅದು ತಿಳಿಯದೆ ನೆರೆಮನೆಯವರು ಎಂದಿನಂತೆ ಹುಲ್ಲು ಕೊಯ್ದು ತಮ್ಮ ದನಕ್ಕೆ ಹಾಕಿಬಿಡಬಹುದು. ಹುಲ್ಲನ್ನು ನೋಡಿ ಗುರುತಿಸಲು ಸಾಧ್ಯವಿಲ್ಲ. ಹೊಡೆದವರು ಹೇಳಿದರೆ ಮಾತ್ರ ತಿಳಿಯುತ್ತದೆ.

ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ಹುಲ್ಲಿನ ಮೇಲೆ ಮೈಲುತುತ್ತು ಬಿದ್ದಿರುತ್ತದೆಂದು ನಮ್ಮವರು ಅದನ್ನು ಕೂಡಲೇ ದನಕ್ಕೆ ಹಾಕುವುದಿಲ್ಲ. ಮೈಲುತುತ್ತಿನ ನೀಲಿ ಬಣ್ಣ ಎಲೆಯ ಮೇಲೆ ಕಾಣುತ್ತದೆ. ಕಳೆನಾಶಕಕ್ಕೆ ಅಂತಹ ಗುರುತಿಲ್ಲವಾದುದರಿಂದ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು.

ನಾಯಿ, ಬೆಕ್ಕು, ಕೋಳಿಗಳಿಗೆ ತಗಲುವ ಬಗೆ

ನಾಯಿಯು ತಂಪಿಗಾಗಿ ಒದ್ದೆ ಹುಲ್ಲಿನ ಮೇಲೆ ಮಲಗುತ್ತದೆ, ಬಳಿಕ ಮೈ ಮತ್ತು ಕಾಲನ್ನು ನೆಕ್ಕಿಕೊಳ್ಳುತ್ತದೆ. ಹೊಟ್ಟೆ ಸರಿಯಿಲ್ಲದಾಗ ಹುಲ್ಲನ್ನೇ ಕಡಿದು ತಿನ್ನುತ್ತದೆ. ಬೆಕ್ಕು ದಿನವೂ ಮೈಯೆಲ್ಲ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ. ಕೋಳಿ ಎಲೆ, ಹುಳು, ಬೀಜಗಳನ್ನು ಕುಕ್ಕುತ್ತದೆ. ಪಂಪು ತೊಳೆದ ನೀರು ನಿಂತ ಹೊಂಡ, ಮದ್ದು ಕಲಸಿದ ಬಕೆಟ್ಟಿನ ತಳದಲ್ಲಿ ಉಳಿದ ನೀರು, ಇವನ್ನು ಕುಡಿಯಲು ಯಾವ ಪ್ರಾಣಿಯೂ ಹಿಂಜರಿಯುವುದಿಲ್ಲ. ಹೊಡೆದ ಹುಲ್ಲಿಗಿಂತ ಬಕೆಟ್ಟಿನಲ್ಲಿ ಉಳಿದ ಗಟ್ಟಿ ಮದ್ದೇ ಹೆಚ್ಚು ಅಪಾಯಕಾರಿ.

ವಿಷವು ಬಳಸಿದ ಜಾಗದಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ನಮ್ಮ ಗಡಿಯಲ್ಲಿಯೇ ನಿದರ್ಶನವಿದೆ. ಪುತ್ತೂರಿಗೆ ಹತ್ತಿರದ ಕಾಸರಗೋಡಿನ ಪಡ್ರೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, 1979ರ ಸುಮಾರಿಗೆ, ಕರುಗಳು ಅಂಗವಿಕಲವಾಗಿ ಹುಟ್ಟುತ್ತಿದ್ದುದು ಗಮನಕ್ಕೆ ಬಂತು. ಕೃಷಿ ಪತ್ರಕರ್ತ ಶ್ರೀಪಡ್ರೆಯವರು 1981ರಲ್ಲಿ ಈ ಬಗ್ಗೆ ಬರೆದರು. ದೇಶದಲ್ಲಿ ಆ ಮದ್ದಿಗೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರಲ್ಲಿ. ಎಂಡೋಸಲ್ಫಾನ್ ಕೀಟನಾಶಕ, ಕಳೆನಾಶಕವಲ್ಲ. ಆದರೂ ಹಟ್ಟಿಯ ಪ್ರಾಣಿಯಲ್ಲಿ ಕಂಡ ಬದಲಾವಣೆಯನ್ನು ಕಡೆಗಣಿಸಬಾರದೆಂಬ ಪಾಠ ಎರಡಕ್ಕೂ ಒಂದೇ.

ಯಾವ ಮದ್ದಿನ ಗುಣ ಏನು?

ಪ್ಯಾರಾಕ್ವಾಟ್: ಸಾಕುಪ್ರಾಣಿಯಿರುವ ಮನೆಗೆ ಇದನ್ನು ತರಲೇಬಾರದು. ಸ್ವಲ್ಪವೇ ಹೊಟ್ಟೆಗೆ ಹೋದರೂ ಬಾಯಿ ಹುಣ್ಣು, ವಾಂತಿ ಕಾಣಿಸಿಕೊಂಡು, ಕೆಲವು ದಿನಗಳ ಮೇಲೆ ಶ್ವಾಸಕೋಶ ಕೆಡುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಮನುಷ್ಯರಿಗೂ ಇದೇ ಮಾತು ಅನ್ವಯಿಸುತ್ತದೆ. ಕೇರಳ ಸರಕಾರ 2011ರಲ್ಲಿ ಇದನ್ನು ನಿಷೇಧಿಸಿತು.

2,4-ಡಿ: ಅಗಲ ಎಲೆಯ ಕಳೆಗಳಿಗೆ ಬಳಸುವಂಥದು. ನಾಯಿಯ ಮೂತ್ರಪಿಂಡವು ಇದನ್ನು ಬೇಗನೆ ಹೊರಹಾಕಲಾರದು. ಆದ್ದರಿಂದ ಬೇರೆ ಪ್ರಾಣಿಗಳಿಗಿಂತ ನಾಯಿಗೆ ಇದರ ಬಾಧೆ ಹೆಚ್ಚು. ಇದನ್ನು ಹೊಡೆದ ಕೆಲವು ವಿಷಸಸ್ಯಗಳು ಬಾಡುವಾಗ ದನಕ್ಕೆ ರುಚಿಯಾಗಿಬಿಡುತ್ತವೆ. ಮೊದಲು ಮೂಸಿ ಬಿಡುತ್ತಿದ್ದ ಗಿಡವನ್ನೇ ಆಮೇಲೆ ತಿನ್ನುವುದುಂಟು.

ಗ್ಲೈಫೊಸೇಟ್: ಮೇಲಿನ ಎರಡಕ್ಕಿಂತ ತಕ್ಷಣದ ವಿಷ ಕಡಿಮೆ. ಆದರೆ ಎಲೆಗೆ ಅಂಟಲೆಂದು ಅದರಲ್ಲಿ ಸೇರಿಸುವ ಸಾಬೂನಿನಂಥ ವಸ್ತುವಿನಿಂದ ಪ್ರಾಣಿಗಳಿಗೆ ಜೊಲ್ಲು, ವಾಂತಿ, ಭೇದಿ ಆಗುತ್ತವೆ. ಮೀನಿಗೂ ಕಪ್ಪೆಮರಿಗೂ ಅದು ಮಾರಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಗ್ಲೈಫೊಸೇಟನ್ನು ಕ್ಯಾನ್ಸರ್‌ಕಾರಕವಾಗಿರುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಕೇರಳ ಸರಕಾರ 2019ರಲ್ಲಿ ಇದರ ಮಾರಾಟವನ್ನು ನಿಷೇಧಿಸಿತು. ಪರವಾನಗಿ ಪಡೆದ ಕೀಟ ನಿಯಂತ್ರಣಗಾರರು ಮಾತ್ರ ಇದನ್ನು ಬಳಸಬೇಕೆಂದು ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಖರೀದಿಸುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು.

ಡಬ್ಬಿಯ ಮೇಲೆ ಬಣ್ಣದ ತ್ರಿಕೋನದ ಗುರುತಿರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರು ತ್ರಿಕೋನವೆಂದರೆ ಆ ಮದ್ದು ಬಿದ್ದ ಹುಲ್ಲು ಮೇವಿಗೆ ಯೋಗ್ಯ ಎಂದರ್ಥವಲ್ಲ.

ಉಪ್ಪು, ಡೀಸೆಲ್, ಸುಟ್ಟ ಎಂಜಿನ್ ಎಣ್ಣೆಗಳನ್ನು ಮನೆಮದ್ದೆಂದು ಸುರಿಯುವುದೂ ಸರಿಯಲ್ಲ. ಉಪ್ಪು ಮಣ್ಣನ್ನು ಕೆಡಿಸುತ್ತದೆ, ಅಲ್ಲದೆ ದನವು ಅದೇ ಜಾಗವನ್ನು ಹುಡುಕಿಕೊಂಡು ಹೋಗಿ ನೆಕ್ಕುತ್ತದೆ. ಎಣ್ಣೆಗಳು ಮಳೆನೀರಿನೊಡನೆ ಬಾವಿ ಸೇರುತ್ತವೆ.

ಮದ್ದಿಲ್ಲದ ಹತೋಟಿ

ತೋಟದಲ್ಲಿ ಒಂದೂ ಹುಲ್ಲು ಇರಬಾರದೆಂಬ ಗುರಿಯೇ ಬೇಡ. ಗುಡ್ಡದ ಇಳಿಜಾರಿನ ತೋಟಗಳಲ್ಲಿ ನೆಲ ಬರಿದಾದರೆ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಅಡಿಕೆಯ ಬೇರುಗಳು ಹೊರಬೀಳುತ್ತವೆ. ಅಡಿಕೆಗೆ ತೊಂದರೆಯಾಗದಷ್ಟು ಕಳೆಯನ್ನು ತಗ್ಗಿಸಿಟ್ಟರೆ ಸಾಕು.

1. ಮರದ ಬುಡದ ಸುತ್ತ ಮಾತ್ರ ಕೈಯಿಂದ ಕಳೆ ತೆಗೆದು, ಸೋಗೆ, ಸೊಪ್ಪು, ಅಡಿಕೆ ಸಿಪ್ಪೆ ದಪ್ಪವಾಗಿ ಮುಚ್ಚಬೇಕು. ಬೆಳಕು ಬೀಳದ ಕಡೆ ಕಳೆಬೀಜ ಮೊಳೆಯುವುದು ಕಡಿಮೆ.

2. ಸಾಲುಗಳ ನಡುವಿನ ಹುಲ್ಲನ್ನು ಹೂ ಬಿಡುವ ಮೊದಲು ವರ್ಷಕ್ಕೆ ಎರಡು ಮೂರು ಬಾರಿ ಸವರಬೇಕು. ಮೇವಿಗೆ ಬೇಕಾದಷ್ಟನ್ನು ಒಯ್ದು ಉಳಿದುದನ್ನು ಅಲ್ಲೇ ಹಾಸಬೇಕು.

3. ಕಳೆ ಕೊಚ್ಚುವ ಯಂತ್ರವಿದ್ದರೆ ಕೆಲಸ ಬೇಗ ಆಗುತ್ತದೆ. ಯಂತ್ರ ನಡೆಯುವಾಗ ಕಲ್ಲು ಸಿಡಿಯುವುದರಿಂದ ಮಕ್ಕಳನ್ನೂ ನಾಯಿಯನ್ನೂ ಕನಿಷ್ಠ 15 ಮೀಟರು ದೂರವಿಡಬೇಕು. ಮೇವಿಗೆ ಬೇಕಾದ ಹುಲ್ಲನ್ನು ನೈಲಾನ್ ದಾರದಿಂದ ಕೊಚ್ಚಬಾರದು, ಅಲಗನ್ನು ಬಳಸಬೇಕು. ತುಂಡಾದ ದಾರ ಹುಲ್ಲಿನೊಡನೆ ದನದ ಹೊಟ್ಟೆ ಸೇರುತ್ತದೆ.

4. ಕಮ್ಯುನಿಸ್ಟ್ ಗಿಡವನ್ನು ದನ ತಿನ್ನುವುದಿಲ್ಲ. ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಬೇರುಸಹಿತ ಕಿತ್ತು, ಹೂ ಬಿಡುವ ಮೊದಲೇ ಬುಡಕ್ಕೆ ಸೊಪ್ಪಾಗಿ ಹಾಕಬಹುದು. ಬೇಲಿಯ ಲಂಟಾನ ದನಕ್ಕೆ ವಿಷ. ತಿಂದ ದನಕ್ಕೆ ಕಾಮಾಲೆಯಾಗಿ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಅದನ್ನು ಬುಡಸಮೇತ ಅಗೆದು ತೆಗೆಯಬೇಕು, ಮೇವಿನೊಡನೆ ಬೆರೆಯಲು ಬಿಡಬಾರದು.

5. ಎಳೆಯ ತೋಟದಲ್ಲಿ ಬಾಳೆ ಮತ್ತು ದ್ವಿದಳ ಜಾತಿಯ ಮುಚ್ಚುಬೆಳೆ ಹಾಕಿದರೆ ಕಳೆಗೆ ಜಾಗವೇ ಸಿಗುವುದಿಲ್ಲ. 1956ರಲ್ಲಿ ಸ್ಥಾಪನೆಯಾದ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಪಡೆಯಬಹುದು.

ಅಂಗಳದ ಕಳೆ

ಮಳೆಗಾಲ ಮುಗಿದಾಗ ಅಂಗಳದಲ್ಲಿ ಹುಲ್ಲು, ಪಾಚಿ ತುಂಬಿರುತ್ತವೆ. ಅಡಿಕೆ ಒಣಗಲು ಹಾಕುವ ಮೊದಲು ಅದನ್ನು ಸುಲಭವಾಗಿ ತೆಗೆಯಲೆಂದು ಕೆಲವರು ಅಲ್ಲಿಗೂ ಮದ್ದು ಹೊಡೆಯುತ್ತಾರೆ. ಇದನ್ನು ಖಂಡಿತ ಮಾಡಬಾರದು. ಜನರು ಬಾಯಿಗೆ ಹಾಕುವ ಚಾಲಿ ಅಡಿಕೆ 40 ದಿನಗಳಷ್ಟು ಅದೇ ನೆಲದಲ್ಲಿ ಒಣಗುತ್ತದೆ. ನಾಯಿ ಮಲಗುವುದೂ, ಕೋಳಿ ಕೆದಕುವುದೂ, ಮಗು ಅಂಬೆಗಾಲಿಡುವುದೂ ಅಲ್ಲೇ. ಹಾರೆಯಿಂದ ತೆಳ್ಳಗೆ ಕೆತ್ತಿ, ನೆಲ ತಟ್ಟಿ, ಸೆಗಣಿ ಸಾರಿಸುವ ಹಳೆಯ ಕ್ರಮವೇ ಉತ್ತಮ. ಮೆಟ್ಟಿಲು, ಕಲ್ಲಿನ ಸಂದುಗಳ ಹುಲ್ಲಿಗೆ ಬಚ್ಚಲ ಹಂಡೆಯ ಕುದಿಯುವ ನೀರನ್ನು ಎರೆದರೆ ಎಳೆಯ ಕಳೆ ಸಾಯುತ್ತದೆ. ಗಡ್ಡೆಯಿರುವ ಕೊನ್ನಾರಿಯಂಥವಕ್ಕೆ ಮತ್ತೆ ಮತ್ತೆ ಎರೆಯಬೇಕಾಗುತ್ತದೆ. ನೀರು ಎರೆಯುವಾಗ ಪ್ರಾಣಿಗಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು.

ಹೊಡೆಯಲೇಬೇಕಾಗಿ ಬಂದರೆ

ಬೇರೆ ದಾರಿಯಿಲ್ಲದೆ, ನಿಯಮಕ್ಕೆ ಒಳಪಟ್ಟು ಕಳೆನಾಶಕ ಬಳಸುವುದಾದರೆ ಈ ಕ್ರಮಗಳನ್ನು ತಪ್ಪದೆ ಪಾಲಿಸಬೇಕು.

1. ತೋಟದಲ್ಲಿ ಮೇವಿನ ಭಾಗವನ್ನು ಮೊದಲೇ ಗೊತ್ತುಮಾಡಿ, ಅಲ್ಲಿಗೆ ಎಂದೂ ಮದ್ದು ಹೊಡೆಯಬಾರದು. ಎಷ್ಟು ದಿನ ಬಿಟ್ಟು ಕೊಯ್ಯಬಹುದೆಂದು ಲೆಕ್ಕ ಹಾಕುವುದಕ್ಕಿಂತ ಇದು ಸುರಕ್ಷಿತ.

2. ಹಟ್ಟಿ, ಬಾವಿ, ಕೆರೆ, ಸುರಂಗ, ನೀರು ಹರಿಯುವ ಕಣಿಗಳ ಬಳಿ ಹೊಡೆಯಬಾರದು.

3. ಮಳೆ ಬರುವ ಸೂಚನೆಯಿದ್ದರೆ ಅಂದು ಬೇಡ. ಗ್ಲೈಫೊಸೇಟ್ ಎಲೆಯೊಳಗೆ ಇಳಿಯಲು ಸುಮಾರು 6 ಗಂಟೆ ಒಣ ಹವೆ ಬೇಕು. ಮೊದಲೇ ಮಳೆಯಾದರೆ ಕಳೆ ಸಾಯುವುದಿಲ್ಲ, ಮದ್ದು ಕಣಿ ಸೇರುತ್ತದೆ. ಗಾಳಿಯಿರುವಾಗಲೂ ಬೇಡ. ಎಳೆ ಅಡಿಕೆ ಗಿಡಕ್ಕೆ ಹನಿ ತಗಲಿದರೆ ಗಿಡವೂ ಹಾಳಾಗುತ್ತದೆ.

4. ಹೊಡೆಯುವ ದಿನ ದನಗಳನ್ನು ಹಟ್ಟಿಯಲ್ಲಿ, ನಾಯಿಯನ್ನು ಸರಪಳಿಯಲ್ಲಿ, ಕೋಳಿಗಳನ್ನು ಗೂಡಿನಲ್ಲಿ ಇಡಬೇಕು. ಎಲೆ ಪೂರ್ತಿ ಒಣಗಿ, ಲೇಬಲಿನಲ್ಲಿ ಹೇಳಿದ ಅವಧಿ ಕಳೆಯುವ ತನಕ ಬಿಡಬಾರದು. ಕುಡಿಯುವ ನೀರಿನ ಪಾತ್ರೆಗಳನ್ನು ಒಳಗಿಡಬೇಕು.

5. ಹೊಡೆದ ಭಾಗದ ಸುತ್ತ ಕೋಲು ಊರಿ ಕೆಂಪು ಬಟ್ಟೆ ಕಟ್ಟಬೇಕು. ಹುಲ್ಲು ಕೊಯ್ಯಲು ಬರುವವರಿಗೂ ನೆರೆಯವರಿಗೂ ಹಿಂದಿನ ದಿನವೇ ತಿಳಿಸಬೇಕು. ಸತ್ತ ಹುಲ್ಲನ್ನು ಹಟ್ಟಿಗೆ ಹಾಸಲೂ ಬಾರದು. ಆ ಜಾಗದಲ್ಲಿ ಬಿದ್ದ ಹಾಳೆಯನ್ನು ದನಕ್ಕೆ ಹಾಕಬಾರದು.

6. ಕಳೆನಾಶಕಕ್ಕೆ ಬೇರೆಯೇ ಪಂಪು ಇಟ್ಟುಕೊಳ್ಳಬೇಕು. ಅದರಲ್ಲಿ ದನದ ಉಣ್ಣಿಗೆ ಮದ್ದು ಹೊಡೆಯಲೇಬಾರದು. ಪಂಪನ್ನು ಹಟ್ಟಿಯ ಬಳಿಯಾಗಲಿ ತೋಡಿನಲ್ಲಾಗಲಿ ತೊಳೆಯಬಾರದು.

7. ಖಾಲಿ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಪಂಪಿಗೇ ಹಾಕಿ, ಡಬ್ಬಿಗೆ ತೂತು ಮಾಡಬೇಕು. ಅದನ್ನು ಕತ್ತರಿಸಿ ಕೋಳಿಗೆ ನೀರಿಡಲು ಬಳಸಬಾರದು.

ವಿಷ ತಗಲಿದರೆ

ಜೊಲ್ಲು ಸುರಿಯುವುದು, ವಾಂತಿ, ಭೇದಿ, ತೂರಾಡುವುದು, ದನವು ಮೇವು ಬಿಟ್ಟು ಮೆಲುಕು ಹಾಕದಿರುವುದು, ಹೊಟ್ಟೆಯುಬ್ಬರ, ಇವು ಸಾಮಾನ್ಯ ಲಕ್ಷಣಗಳು. ಅನುಮಾನ ಬಂದ ಕೂಡಲೇ ಮೇವನ್ನು ಬದಲಾಯಿಸಬೇಕು. ಮೈಗೆ ಮದ್ದು ತಾಗಿದ್ದರೆ ಕೈಗವಸು ಹಾಕಿಕೊಂಡು ಸಾಬೂನು ನೀರಿನಿಂದ ತೊಳೆದು, ಪ್ರಾಣಿ ಮೈ ನೆಕ್ಕದಂತೆ ನೋಡಿಕೊಳ್ಳಬೇಕು. ನಾಯಿಗೆ ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬಾರದು, ಅದರಿಂದಲೇ ಜೀವಕ್ಕೆ ಅಪಾಯವಾಗಬಹುದು. ದನದ ಬಾಯಿಗೆ ಎಣ್ಣೆ, ಕಷಾಯ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಪಶುವೈದ್ಯರಿಗೆ ಮದ್ದಿನ ಡಬ್ಬಿಯನ್ನೋ ಲೇಬಲನ್ನೋ ತಪ್ಪದೆ ತೋರಿಸಬೇಕು. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ. ಸಂಚಾರಿ ಪಶು ಚಿಕಿತ್ಸಾಲಯವನ್ನು 1962 ಸಂಖ್ಯೆಗೆ ಕರೆಮಾಡಿ ಕರೆಸಿಕೊಳ್ಳಬಹುದು.

ಕೊನೆಯದಾಗಿ ಒಂದು ಲೆಕ್ಕ. ಮದ್ದು ಹೊಡೆದ ತೋಟದಲ್ಲಿ ಉಳಿಯುವುದು ಆಳಿನ ಕೂಲಿ. ಹೋಗುವುದು ದನದ ಮೇವು, ಹಟ್ಟಿಯ ಗೊಬ್ಬರ, ಇಳಿಜಾರಿನ ಮಣ್ಣು. ಒಂದು ದನ ಅಥವಾ ನಾಯಿ ಸತ್ತರೆ ಆ ನಷ್ಟ ಯಾವ ಲೆಕ್ಕಕ್ಕೂ ಸಿಗದು. ಬೇಸಾಯಗಾರರು ಪಂಪು ಹೆಗಲಿಗೇರಿಸುವ ಮೊದಲು, ಈ ಹುಲ್ಲು ನಾಳೆ ಯಾರ ಹಟ್ಟಿ ಸೇರಬಹುದೆಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.